ಮಾತಂಗ ಬೆಟ್ಟವಿಲ್ಲದ ಹಂಪಿ

ಹೊಸಪೇಟೆಗೆ ಬಂದ ಮೊದಲ ದಿನ ಒಗೆದು ಹಾಕಿದ ನನ್ನ ಬಿಳಿ ಅಂಗಿ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಯಾರೋ ಕಿಡಿಗೇಡಿಗಳ ಕೆಲಸವೆಂದು ರೇಗಾಡಿದೆ. ಮನೆಯೊಡತಿ ಗಂಗಮ್ಮ ನಕ್ಕರು. "ಸಂಡೂರಿನ ಅದಿರು ಲಾರಿ ಧೂಳ್ರಿ ಅದು. ಈ ಊರಾಗ ಬಿಳೇದು ಹಾಕಬ್ಯಾಡ್ರಿ. ಕುಂದ್ರಿ, ಒಗ್ಗರಣಿ ತರ್ತೀನಿ." ಬರೀ ಒಗ್ಗರಣೆಯನ್ನು ಹೇಗೆ ತಿನ್ನುವುದೆಂದು ಕುಳಿತವನ ಮುಂದೆ ಬಂದದ್ದು ತಟ್ಟೆ ತುಂಬ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಬಜ್ಜಿ. ನಮ್ಮ ಶ್ರೀರಂಗಪಟ್ಟಣದ ಕಡೆ ಅದು ಕಡಲೆಪುರಿ, ಬಾಯಾಡಿಸುವ ವಸ್ತು. ಇಲ್ಲಿ ಅದೇ ಹೊಟ್ಟೆ ತುಂಬಿಸುವ ತಿಂಡಿ.

ಅದಾಗಿ ಇಪ್ಪತ್ತೆರಡು ವರ್ಷ. ಮೈಸೂರಿನಲ್ಲಿ ಕಲಿತ ಜರ್ಮನ್ ಭಾಷೆಯನ್ನು ನಂಬಿ ಹಂಪಿಯಲ್ಲಿ ಗೈಡ್ ಆಗಲು ಬಂದವನು ನಾನು. ಆಗ ಬರುತ್ತಿದ್ದವರು ಬೆನ್ನಿಗೆ ಚೀಲ ಹಾಕಿದ ಹುಡುಗ ಹುಡುಗಿಯರು. ನಸುಕಿನಲ್ಲೇ ಮಾತಂಗ ಬೆಟ್ಟ ಹತ್ತಿಸಿದರೆ ಕುಣಿದಾಡುತ್ತಿದ್ದರು. ಈಗ ಬರುವ ಜರ್ಮನ್ನರಿಗೆ ಎಪ್ಪತ್ತು ದಾಟಿದೆ. ಅಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಂತೆ. ತಾವು ಪಾಠ ಹೇಳಿದ ಶಾಲೆಯೇ ಈಗ ವೃದ್ಧಾಶ್ರಮ ಎಂದು ಹೆಲ್ಗಾ ಒಮ್ಮೆ ಹೇಳಿದ್ದರು. ಹೆಲ್ಗಾ ನಿವೃತ್ತ ಟೀಚರು, ವರ್ಷಕ್ಕೊಮ್ಮೆ ತಮ್ಮೂರಿನ ಗುಂಪು ಕಟ್ಟಿಕೊಂಡು ಬರುವವರು. ಅವರಿಗಾಗಿ ಮೊದಲು ಮಾತಂಗ ಬಿಟ್ಟೆ, ಆಮೇಲೆ ಹೊಳೆದಂಡೆಯ ನಡಿಗೆ ಬಿಟ್ಟೆ. ನೆರಳೆಲ್ಲಿ, ಶೌಚಾಲಯವೆಲ್ಲಿ, ಕೂರಲು ಕಟ್ಟೆಯೆಲ್ಲಿ ಎಂದು ನೋಡಿಕೊಂಡು ಸಾಮ್ರಾಜ್ಯದ ಕಥೆ ಹೇಳುವುದನ್ನು ಕಲಿತೆ.

ನಿಜ ಹೇಳಿಬಿಡುತ್ತೇನೆ. ಮೂರು ವರ್ಷದಿಂದ ನನ್ನ ಬಲಮಂಡಿ ಕೈಕೊಟ್ಟಿದೆ. ಶನಿವಾರ ಬಂತೆಂದರೆ ಬೆಂಗಳೂರು, ಹೈದರಾಬಾದಿನ ಹರೆಯದವರು ದಂಡುದಂಡಾಗಿ ಇಳಿಯುತ್ತಾರೆ, ಎಲ್ಲರಿಗೂ ಬೆಟ್ಟದ ಮೇಲಿನ ಸೂರ್ಯೋದಯವೇ ಬೇಕು. ಅದು ನನ್ನಿಂದಾಗದು. ಹೆಲ್ಗಾರಂಥವರು ಹತ್ತಲಾರರೆಂಬುದೇ ನನ್ನ ಅನ್ನವಾಗಿತ್ತು. ಅವರ ಮುಪ್ಪಿನ ಮರೆಯಲ್ಲಿ ನನ್ನ ಕುಂಟನ್ನು ಬಚ್ಚಿಟ್ಟುಕೊಂಡಿದ್ದೆ. ಅವರು ಬರುವುದು ನಿಂತರೆ ಗಂಟುಮೂಟೆ ಕಟ್ಟಬೇಕು. ಊರಿನಿಂದ ಅಣ್ಣನದೂ ಅದೇ ರಾಗ: "ಬಂದ್ಬುಡ್ಲಾ ಅತ್ಲಾಗೆ. ಆ ಕಲ್ಬಂಡೇಲಿ ಏನೈತೆ?"

ಈ ಜನವರಿಯಲ್ಲಿ ಹೆಲ್ಗಾ ಜೊತೆ ಬಂದದ್ದು ನಾಲ್ಕೇ ಜನ. ಕೊನೆಯ ದಿನ ಕಮಲಾಪುರದಲ್ಲಿ ವ್ಯಾನು ಹತ್ತುವ ಮೊದಲು, "ಇನ್ನು ನಾನು ಬರುವುದಿಲ್ಲ, ನನ್ನ ಹಿಂದೆ ಬರುವವರೂ ಇಲ್ಲ," ಎಂದರು ಹೆಲ್ಗಾ. ತಮ್ಮ ಎರಡು ಊರುಗೋಲುಗಳಲ್ಲಿ ಒಂದನ್ನು ನನ್ನ ಕೈಗಿಟ್ಟರು. ಬೇಡವೆಂದೆ. "ಹೋದ ವರ್ಷ ಮಹಾನವಮಿ ದಿಬ್ಬ ಹತ್ತಲು ನನಗೆ ಆಗುತ್ತಿತ್ತು. ನಿನ್ನ ಮುಖ ನೋಡಿ ಸುಮ್ಮನಾದೆ," ಎಂದರು ಜರ್ಮನ್‌ನಲ್ಲಿ.

ನಾಚಿಕೆಯಿಂದ ತಲೆ ತಗ್ಗಿಸಿದೆ. ಡ್ರೈವರ್ ಹುಲುಗಪ್ಪನಿಗೆ ಆ ಭಾಷೆ ಬಾರದು, ಆದರೂ ಎಲ್ಲ ತಿಳಿದವನಂತೆ ಹೇಳಿದ: "ತಗೊಳ್ರಿ ಸರ. ನಿಮ್ಮ ಮಂಡಿ ವಿಷ್ಯ ಎಲ್ಲಾರಿಗೂ ಗೊತ್ತೈತಿ."

ಮುಂದಿನ ವಾರ ಕೆಲಸವಿಲ್ಲದೆ, ಕೋಲೂರಿಕೊಂಡು ವಿರೂಪಾಕ್ಷನ ಗುಡಿಯ ಮುಂದೆ ನಿಂತಿದ್ದೆ. ಕಂಪ್ಲಿಯಿಂದ ಬಂದಿದ್ದ ಅಜ್ಜ ಅಜ್ಜಿ, ಹರೆಯದ ಗೈಡುಗಳನ್ನೆಲ್ಲ ದಾಟಿಕೊಂಡು, ನನ್ನ ಕೋಲು ನೋಡಿ ಹತ್ತಿರ ಬಂದರು.

"ಬೆಟ್ಟ ಗಿಟ್ಟ ನಮಗ ಆಗಂಗಿಲ್ರಿ," ಎಂದರು ಅಜ್ಜ. "ಕುಂತು ನೋಡೋ ಹಂಪಿ ಐತೇನ್ರಿ?"

"ಐತ್ರಿ. ಬರ್ರಿ, ಇಲ್ಲಿ ನೆರಳಾಗ ಕುಂದ್ರಿ," ಎಂದೆ.

ಕುಳಿತ ಮೇಲೆ ಅಜ್ಜಿ ಕೇಳಿದರು, "ಯಾವೂರ್ರಿ ನಿಮ್ದು?"

"ಶ್ರೀರಂಗಪಟ್ಟಣದ ಕಡೆ."

"ಸುಳ್ಳ ಹೇಳಬ್ಯಾಡ್ರಿ! ಮಾತು ನಮ್ಮ ಕಡೀದೈತಿ," ಅಜ್ಜಿ ನಕ್ಕರು.

ನಾನೂ ನಗಲು ಹೋದೆ, ಕಣ್ಣು ತುಂಬಿ ಬಂತು. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಬಾಗಿಲಲ್ಲೇ ಅತ್ತಿಗೆಯೂ ಹೀಗೇ ನಕ್ಕು ಒಳಗೆ ಕೂಗಿ ಹೇಳಿದ್ದರು, "ಹೊಸಪೇಟೆಯೋರು ಬಂದವ್ರೆ!"