ತಲೆ ಆಡಿಸಿದ ಗಿರಾಕಿ

ಆ ಬೀದಿಯ ಕಟಿಂಗ್ ಶಾಪಿನವನನ್ನು ಎಲ್ಲರೂ ಎದುರಿಗೆ ವಾಲ್ಯೂಮಣ್ಣ ಎನ್ನುತ್ತಾರೆ, ಬೆನ್ನ ಹಿಂದೆ ಬರೀ ವಾಲ್ಯೂಮ್ ಎನ್ನುತ್ತಾರೆ. ಎರಡೂ ಅವನ ಕಿವಿಗೆ ಬಿದ್ದಿವೆ, ಎರಡಕ್ಕೂ ಅವನ ತಕರಾರಿಲ್ಲ. ಅವನ ತಕರಾರೆಲ್ಲ ಹೆಡ್‌ಫೋನಿನ ಮೇಲೆ. ಆ ಹೆಸರು ಎತ್ತಿದರೆ ಸಾಕು, ಕೈಯಲ್ಲಿ ಬಾಚಣಿಗೆ ಇದ್ದರೆ ಬಾಚಣಿಗೆ, ಬ್ರಷ್ ಇದ್ದರೆ ಬ್ರಷ್, ಮೇಜಿನ ಮೇಲೆ ಕುಕ್ಕಿ ಶುರು ಹಚ್ಚಿಕೊಳ್ಳುತ್ತಾನೆ.

“ಅಲ್ಲಾ, ಕ್ಷೌರಕ್ಕೆ ಬಂದೋನು ಕಿವಿ ಮೇಲೆ ಆ ಬಟ್ಟಲು ಕವುಚಿಕೊಂಡು ಕೂತ್ರೆ ನಾನು ಕತ್ತರಿ ಎಲ್ಲಿ ಆಡಿಸ್ಲಿ? ಅವನ ಮೂಗಿನ ಮೇಲಾ? ಕಿವಿ ಮುಚ್ಚಿಕೊಂಡು ಹಾಡು ಕೇಳ್ತಾರಂತೆ! ನಾಳೆ ಕಣ್ಣು ಕಟ್ಟಿಕೊಂಡು ಸಿನಿಮಾನೂ ನೋಡ್ತಾರೆ, ಬಿಡಿ.”

ಅವನ ಅಂಗಡಿಯಲ್ಲಿ ಎರಡು ಸ್ಪೀಕರುಗಳಿವೆ. ಸ್ಪೀಕರೆಂದರೆ ಅಂಗೈಯಲ್ಲಿ ಕೂರುವ ಆಟಿಕೆಯಲ್ಲ. ಪೇಟೆಯ ಹಳೆಯ ಟಾಕೀಸು ಬಾಗಿಲು ಹಾಕಿದಾಗ ಒಳಗಿನ ಸಾಮಾನನ್ನೆಲ್ಲ ಮಾರಿದರು. ಜನ ಕುರ್ಚಿಗಳಿಗೆ ಮುಗಿಬಿದ್ದರೆ, ಇವನು ಪರದೆಯ ಹಿಂದೆ ಧೂಳು ತಿನ್ನುತ್ತಿದ್ದ ಎರಡು ಮರದ ಪೆಟ್ಟಿಗೆಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಆಗಷ್ಟೇ ಮದುವೆಯಾಗಿದ್ದ ಹೆಂಡತಿ ಬಾಗಿಲಲ್ಲೇ ತಡೆದು, “ಬೀರು ತರ್ತೀನಿ ಅಂತ ಹೋಗಿ ಇದೇನ್ರೀ ಹೊತ್ಕೊಂಡು ಬಂದಿರೋದು?” ಎಂದು ಕೇಳಿದ್ದಳು. ಅವಳ ಸೀರೆಗಳು ಇನ್ನೂ ಟ್ರಂಕಿನಲ್ಲೇ ಇವೆ, ಪೆಟ್ಟಿಗೆಗಳು ಮಾತ್ರ ಅಂಗಡಿಯ ಕನ್ನಡಿಯ ಎರಡು ಪಕ್ಕಕ್ಕೆ ಏರಿ ಕೂತಿವೆ.

ಆ ಪೆಟ್ಟಿಗೆಗಳು ಹಾಡಲು ಶುರುಮಾಡಿದ ಮೇಲೆ ಅಂಗಡಿಗೆ ಕೂದಲಿದ್ದವರಷ್ಟೇ ಬರುತ್ತಾರೆಂಬ ಲೆಕ್ಕ ಉಳಿಯಲಿಲ್ಲ. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರು ದಿನವೂ ಬಂದು ಬೆಂಚಿನ ಮೂಲೆ ಹಿಡಿಯುತ್ತಾರೆ. ಅವರ ತಲೆ ಬೋಳಾಗಿ ಯಾವುದೋ ಕಾಲವಾಯಿತು, ಗಡ್ಡವನ್ನು ಮನೆಯಲ್ಲೇ ಕೆರೆದುಕೊಳ್ಳುತ್ತಾರೆ. ಪಕ್ಕದ ಅಂಗಡಿಯ ಟೈಲರ್ ಗೋಡೆಯಾಚೆಯಿಂದಲೇ, “ವಾಲ್ಯೂಮಣ್ಣ, ಆ ಹಾಡು ಇನ್ನೊಂದ್ಸಲ ಹಾಕು, ಈ ತೋಳು ಮುಗಿಸಿಬಿಡ್ತೀನಿ” ಎಂದು ಕೂಗುತ್ತಾನೆ. ಹಾಡಿಗೊಂದು ಜಗಳ, ಜಗಳಕ್ಕೊಂದು ಚಹಾ. ಹಾಡಿದ್ದು ಯಾರೆಂದು ಇಬ್ಬರು ವಾದಕ್ಕೆ ಬಿದ್ದು, ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ನಿಂತದ್ದೂ ಉಂಟು.

ಅಂಥ ಅಂಗಡಿಗೆ ಹೆಡ್‌ಫೋನ್ ತಂದವಳು ಬೇರೆ ಯಾರೂ ಅಲ್ಲ, ಅವನ ಒಬ್ಬಳೇ ಮಗಳು.

ಅವಳು ಸ್ಟೂಲಿನ ಮೇಲೆ ನಿಂತು ಕತ್ತರಿ ಹಿಡಿಯುವುದನ್ನು ಕಲಿತವಳು. ಹೆಣ್ಣುಮಗಳು ಗಂಡಸರ ಗಡ್ಡ ಕೆರೆಯುವುದೇ ಎಂದು ಗಿರಾಕಿಯೊಬ್ಬ ಮೂಗು ಮುರಿದಾಗ, ವಾಲ್ಯೂಮಣ್ಣ ಅವನ ಕತ್ತಿನ ಬಟ್ಟೆ ಬಿಚ್ಚಿ, ಅರ್ಧ ಸೋಪಿನ ಮುಖದಲ್ಲೇ ಎಬ್ಬಿಸಿ ಕಳಿಸಿದ್ದ. ಆಮೇಲೆ ಅವಳು ತರಬೇತಿ ಮುಗಿಸಿ ಬಂದಳು, ಕೈ ಅಪ್ಪನಿಗಿಂತ ಹಗುರವಾಯಿತು. ವೃತ್ತದ ಹತ್ತಿರ ಹೊಸದಾಗಿ ತೆರೆದ ಗಾಜಿನ ಬಾಗಿಲಿನ ಸಲೂನಿನವರು ಅವಳನ್ನು ಎರಡು ಸಲ ಕರೆದಿದ್ದರು. ಎರಡು ಸಲವೂ ಅವಳು ಒಲ್ಲೆ ಎಂದಿದ್ದಳು.

“ಅಪ್ಪ, ಕುರ್ಚಿಗೊಂದು ಹೆಡ್‌ಫೋನ್ ಇಡೋಣ. ಅವರವರ ಹಾಡು ಅವರವರು ಕೇಳ್ಕೊಳ್ಳಲಿ” ಎಂದಳು ಒಂದು ಬೆಳಿಗ್ಗೆ, ಕುರ್ಚಿ ಒರೆಸುತ್ತಾ.

“ಒಂದೇ ಅಂಗಡೀಲಿ ಕೂತು ಒಬ್ಬೊಬ್ಬನು ಒಂದೊಂದು ಹಾಡು ಕೇಳೋದಾ? ಇದೇನು ಅಂಗಡಿನೋ, ಕಣ್ಣಾಸ್ಪತ್ರೆ ವಾರ್ಡೋ?”

“ನಿನ್ನ ಹಾಡು ಎಲ್ಲರಿಗೂ ಹಿಡಿಸುತ್ತೆ ಅಂತ ನಿಂಗೆ ಹೇಳಿದ್ಯಾರು? ಕತ್ತಿಗೆ ಬಟ್ಟೆ ಕಟ್ಟಿ ಕೂರಿಸಿರ್ತೀಯ, ಪಾಪ, ಎದ್ದು ಹೋಗೋಕೂ ಆಗಲ್ಲ. ಬೇಕಾ ಬೇಡ್ವಾ ಅಂತ ಒಬ್ಬರನ್ನಾದ್ರೂ ಕೇಳಿದ್ಯಾ?”

“ಹಾಡು ಬೇಕಾ ಅಂತ ಯಾರನ್ನಾದ್ರೂ ಕೇಳ್ತಾರೇನೇ? ಗಾಳಿ ಬೇಕಾ ಅಂತ ಕೇಳ್ದಂಗಾಯ್ತು!”

ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. “ಈ ತಿಂಗಳು ಮುಗಿಯೋವರೆಗೆ ನೋಡೋಣ. ಗಿರಾಕಿಗಳು ಬೇಡ ಅಂದ್ರೆ ನಾನೇ ತೆಗೆದು ಬಿಸಾಕ್ತೀನಿ. ಆದ್ರೆ ಈ ಅಂಗಡೀಲಿ ನನ್ನ ಮಾತು ಒಂದೂ ನಡೆಯಲ್ಲ ಅಂತಾದ್ರೆ ನಾನು ಇಲ್ಲಿರೋದ್ಯಾಕೆ? ವೃತ್ತದೋರು ಇನ್ನೂ ಕರೀತಾನೇ ಇದಾರೆ.”

ವಾಲ್ಯೂಮಣ್ಣ ಪೆಟ್ಟಿಗೆಗಳ ಕಡೆ ನೋಡಿದ, ಮಗಳ ಕಡೆ ನೋಡಿದ. ಸ್ಪೀಕರು ಹೋದರೆ ಅಂಗಡಿಯ ಜೀವ ಹೋದಂತೆ, ಮಗಳು ಹೋದರೆ ತನ್ನದೇ ಜೀವ ಹೋದಂತೆ. ಸ್ವಿಚ್ಚಿನ ಹತ್ತಿರ ಹೋಗಿ ಸ್ಪೀಕರು ಆರಿಸಿ, “ಮಾಡ್ಕೋ ಹೋಗು, ನಿನ್ನ ರಾಜ್ಯಭಾರ” ಎಂದ.

ಆಮೇಲೆ ಅಂಗಡಿಗೆ ಬಂದ ಮೌನವಿದೆಯಲ್ಲ, ಅದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಕತ್ತರಿಯ ಚಕ್ ಚಕ್, ಫ್ಯಾನಿನ ಗೊರ ಗೊರ, ಅಷ್ಟೇ. ಗಿರಾಕಿ ಬರುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ, ಕಿವಿ ಮುಚ್ಚಿಕೊಳ್ಳುತ್ತಾನೆ, ಯಾವುದೋ ಲೋಕಕ್ಕೆ ಹೊರಟುಹೋಗುತ್ತಾನೆ. “ಅಮ್ಮನ ಮಂಡಿನೋವು ಹೇಗಿದೆ?” ಎಂದು ಕೇಳಿದರೆ ಉತ್ತರವಿಲ್ಲ. ಕಿವಿಯ ಹಿಂದಿನ ಕೂದಲು ತೆಗೆಯಬೇಕಾದರೆ ಒಂದು ಬಟ್ಟಲು ಎತ್ತಬೇಕು, ಅಷ್ಟಕ್ಕೇ ಅವನು ನಿದ್ದೆಯಿಂದ ಎಬ್ಬಿಸಿದವನ ಹಾಗೆ ಮುಖ ಸಿಂಡರಿಸುತ್ತಾನೆ. ಪೋಸ್ಟ್‌ಮ್ಯಾನ್ ಎರಡು ದಿನ ಬಂದು ಬೆಂಚಿನಲ್ಲಿ ಸುಮ್ಮನೆ ಕೂತರು. ಕುರ್ಚಿಯಲ್ಲಿ ಕೂತವನಿಗೆ ಹೆಡ್‌ಫೋನ್, ಬೆಂಚಿನಲ್ಲಿ ಕೂತವರಿಗೆ ಏನು? ಮೂರನೇ ದಿನ ಅವರು ಬರಲಿಲ್ಲ. ವಾಲ್ಯೂಮಣ್ಣನ ಹೊಟ್ಟೆ ಉರಿದುಹೋಯಿತು. ಮನುಷ್ಯರನ್ನು ಓಡಿಸಿ ಯಂತ್ರ ಕೂರಿಸುವುದಕ್ಕೆ ಇವರೆಲ್ಲ ಸುಧಾರಣೆ ಅಂತ ಹೆಸರಿಟ್ಟಿದ್ದಾರಲ್ಲ, ಥೂ!

ಅದಕ್ಕಿಂತ ಹೆಚ್ಚು ಉರಿದದ್ದು ಗಿರಾಕಿ ಕಡಿಮೆಯಾಗಲಿಲ್ಲ ಎನ್ನುವುದಕ್ಕೆ. ಕಡಿಮೆಯಾಗುವುದಿರಲಿ, ವೃತ್ತದ ಸಲೂನಿಗೆ ಹೋಗುತ್ತಿದ್ದ ಹುಡುಗರು ಇತ್ತ ಬರತೊಡಗಿದರು. “ಅಕ್ಕ, ಸೂಪರ್” ಎಂದು ಮಗಳಿಗೆ ಹೇಳಿ ಹೋಗುತ್ತಿದ್ದರು. ಅಪ್ಪ ಹಲ್ಲು ಕಡಿದುಕೊಂಡು ನೆಲ ಗುಡಿಸುತ್ತಿದ್ದ.

ತಿಂಗಳು ಮುಗಿಯಲು ಬಂದಿದ್ದಾಗ ಮೆಡಿಕಲ್ ಶಾಪಿನ ಹುಡುಗ ಬಂದ. ಸಾಧು ಪ್ರಾಣಿ. ಅಂಗಡಿಯಲ್ಲಿ ಮಾತ್ರೆ ಕೊಡುವಾಗಲೂ ತಾನೇ ಸಾಲ ಕೇಳುತ್ತಿರುವವನ ಹಾಗೆ ತಗ್ಗಿ ಮಾತಾಡುತ್ತಾನೆ. ನಾಳಿದ್ದು ಅವನ ಮದುವೆ. ಅವನಲ್ಲಿ ಗಂಡಸುತನ ಎಂದು ಎದ್ದು ಕಾಣುತ್ತಿದ್ದದ್ದೆಲ್ಲ ಮೀಸೆಯಲ್ಲಿತ್ತು. ದಟ್ಟ ಮೀಸೆ, ಕಡುಕಪ್ಪು. ಹುಡುಗಿ ಅದನ್ನು ನೋಡಿಯೇ ಒಪ್ಪಿದ್ದಂತೆ, ಹಾಗೆಂದು ಅವನೇ ನಾಚಿಕೊಂಡು ಹೇಳಿದ.

“ಅಣ್ಣ, ಮೀಸೆ ತುದಿ ಸ್ವಲ್ಪ ಸಮ ಮಾಡಿ, ಸಾಕು” ಎಂದು ಹೇಳಿ, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿದ.

ವಾಲ್ಯೂಮಣ್ಣನಿಗೆ ಆ ಹುಡುಗನ ಹತ್ತಿರ ಮಾತಾಡಬೇಕೆಂದಿತ್ತು. ಹುಡುಗಿ ಯಾವ ಊರು, ಏನು ಓದಿದ್ದಾಳೆ, ಮನೆ ಎಲ್ಲಿ ಮಾಡುತ್ತೀರಿ. ಅವನ ಹುಟ್ಟುಗೂದಲು ತೆಗೆದದ್ದು ಇದೇ ಕೈ. ಮದುವೆಗೆ ಎರಡು ದಿನ ಇರುವಾಗಲೂ ಒಂದು ಮಾತಿಲ್ಲದೆ ಕಿವಿ ಮುಚ್ಚಿಕೊಂಡನಲ್ಲ! ಅವನ ತಲೆ ಹಾಡಿನ ತಾಳಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಮಗಳು ಹಿಂದೆ ಸಿಂಕಿನ ಹತ್ತಿರ ಯಾರದೋ ತಲೆ ತೊಳೆಯುತ್ತಿದ್ದಳು.

“ಏನಪ್ಪಾ ಮದುಮಗನೇ, ಮೀಸೆ ಪೂರ್ತಿ ತೆಗೆದುಬಿಡ್ಲಾ?” ಎಂದು ಕೇಳಿದ ವಾಲ್ಯೂಮಣ್ಣ, ಕುಹಕಕ್ಕೇ ಕೇಳಿದ. ತಲೆ ಹೌದೆಂಬಂತೆ ಆಡಿತು.

“ನೋಡ್ಕೋ, ಆಮೇಲೆ ನನ್ನ ಅನ್ನಬೇಡ. ತೆಗೀಲಾ?” ತಲೆ ಮತ್ತೆ ಆಡಿತು.

ಈ ಕಸುಬಿನಲ್ಲಿ ಒಂದು ಕ್ರಮವಿದೆ. ಮೀಸೆಗೆ ಕತ್ತಿ ಇಡುವ ಮುನ್ನ ಗಿರಾಕಿಯನ್ನು ಕೇಳಬೇಕು, ಕನ್ನಡಿಯಲ್ಲಿ ಅವನ ಕಣ್ಣು ನೋಡಿ ಕೇಳಬೇಕು. ಅವನು ಅಲ್ಲಿಂದ ನೋಡಿ ಹೂಂ ಅಂದರೆ ಹೂಂ. ಮಗಳಿಗೆ ಮೊದಲ ದಿನ ಕಲಿಸಿದ್ದೇ ಇದನ್ನು. ಕನ್ನಡಿಯಲ್ಲಿ ಈಗ ಕಣ್ಣುಗಳು ಮುಚ್ಚಿದ್ದವು. ವಾಲ್ಯೂಮಣ್ಣ ಅದನ್ನು ನೋಡಿದ, ನೋಡಿಯೂ ಕತ್ತಿ ಇಟ್ಟ.

ಹುಡುಗ ಕಣ್ಣು ಬಿಟ್ಟಾಗ ಅರ್ಧ ಮೀಸೆ ಟವೆಲಿನ ಮೇಲಿತ್ತು. ಅವನು ಕಿರುಚಲಿಲ್ಲ, ಕಿರುಚುವುದು ಅವನಿಗೆ ಬರುವುದಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು, “ಅಣ್ಣ... ಅಣ್ಣ...” ಎನ್ನುತ್ತಾ ಕೂತ. ಉಳಿದರ್ಧವನ್ನು ಇಟ್ಟುಕೊಂಡು ಯಾವ ಪುರುಷಾರ್ಥ? ಅದನ್ನೂ ತೆಗೆಯಬೇಕಾಯಿತು. ಸುದ್ದಿ ಮುಟ್ಟಿ ಅವನ ಅಕ್ಕ ಚಪ್ಪಲಿ ಬಡಿಯುತ್ತಾ ಬಂದಳು. “ಏನ್ರೀ ಇದು! ಸಂತೆಗೆ ಬಿಟ್ಟ ಕುರಿ ಅಂದ್ಕೊಂಡ್ರಾ ನನ್ನ ತಮ್ಮನ್ನ? ಹುಡುಗಿ ಮನೆಯೋರಿಗೆ ಏನಂತ ಮುಖ ತೋರಿಸೋಣ?”

ವಾಲ್ಯೂಮಣ್ಣನ ದನಿ ಅವಳ ದನಿಯನ್ನೂ ನುಂಗಿತು. “ನನ್ನನ್ಯಾಕಮ್ಮ ಕೇಳ್ತೀಯ? ಒಂದ್ಸಲ ಅಲ್ಲ, ಎರಡ್ಸಲ ಕೇಳ್ದೆ! ತಲೆ ಆಡಿಸ್ದ! ಅವನನ್ನೇ ಕೇಳು! ಈ ಕಿವಿಮುಚ್ಚಳ ಬೇಡ ಬೇಡ ಅಂತ ಬಡ್ಕೊಂಡೆ, ನನ್ನ ಮಾತು ಯಾರು ಕೇಳ್ತಾರೆ ಇಲ್ಲಿ?”

ಬೀದಿಯೆಲ್ಲ ಬಾಗಿಲಲ್ಲಿ ಸೇರಿತು. ಟೈಲರ್ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದು, ಹೆಡ್‌ಫೋನಿನ ಮನೆ ಹಾಳಾಗ ಎಂದ. ಎಲ್ಲರೂ ಹುಡುಗನ ಮುಖ ನೋಡಿದರು. ಅವನು ಬಟ್ಟೆಯ ಅಂಚು ತಿರುವುತ್ತಾ, “ಹೌದು ಅಕ್ಕ, ಹಾಡು ಕೇಳ್ತಾ ಇದ್ದೆ... ತಲೆ ಆಡಿಸಿದ್ನೇನೋ. ತಪ್ಪು ನಂದೇ. ಸಾರಿ ಅಣ್ಣ, ನನ್ನಿಂದ ನಿಮಗೂ ಕೆಟ್ಟ ಹೆಸರು” ಎಂದ. ಅಕ್ಕ ಅವನ ಬೆನ್ನಿಗೊಂದು ಗುದ್ದಿ ಎಳೆದುಕೊಂಡು ಹೋದಳು.

ಮಗಳು ಕೈ ಒರೆಸಿಕೊಂಡು ಬಂದು ಮೂರು ಹೆಡ್‌ಫೋನುಗಳ ವೈರನ್ನು ಸುತ್ತಿ ಡಬ್ಬಿಗೆ ಹಾಕಿದಳು. ವಾಲ್ಯೂಮಣ್ಣ ಸ್ವಿಚ್ ಹಾಕಿದ. ಪೆಟ್ಟಿಗೆಗಳು ಗಂಟಲು ಸರಿಮಾಡಿಕೊಂಡು ಹಾಡಿದವು, ಗೋಡೆಯಾಚೆ ಮೆಷಿನ್ ಓಡಿತು, ಸಂಜೆಯೊಳಗೆ ಪೋಸ್ಟ್‌ಮ್ಯಾನರೂ ಬಂದರು. ಗೆದ್ದೆ ಎಂದು ಎದೆ ಉಬ್ಬಬೇಕಿತ್ತು. “ಸಾರಿ ಅಣ್ಣ” ಎಂದ ಹುಡುಗನ ಬೋಳು ತುಟಿ ಮಾತ್ರ ಕಣ್ಣ ಮುಂದಿನಿಂದ ಹೋಗಲೊಲ್ಲದು.

ಎಲ್ಲರೂ ಹೋದ ಮೇಲೆ ಮಗಳು ಸ್ಪೀಕರು ಆರಿಸಿದಳು.

“ಅಪ್ಪ, ನಿಜ ಹೇಳು. ಇಷ್ಟು ವರ್ಷದಿಂದ ತಲೆಗಳನ್ನೇ ನೋಡ್ತಾ ಬಂದಿದೀಯ. ಹಾಡಿಗೆ ಆಡೋ ತಲೆ ಯಾವುದು, ಹೂಂ ಅನ್ನೋ ತಲೆ ಯಾವುದು ನಿಂಗೆ ಗೊತ್ತಾಗ್ಲಿಲ್ವಾ?”

“ನನ್ನನ್ನೇ ವಿಚಾರಣೆ ಮಾಡ್ತೀಯೇನೇ? ನಿನ್ನ ಹೆಡ್‌ಫೋನ್ ಇಲ್ದಿದ್ರೆ...”

“ಕನ್ನಡೀಲಿ ಕಣ್ಣು ನೋಡಿದ್ಯಾ?”

ಎಷ್ಟು ಸಿಟ್ಟು ಬಂದರೂ ಮಗಳ ಹತ್ತಿರ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. “ಗೊತ್ತಾಯ್ತು ಕಣೆ!” ಎಂದು ಕೂಗಿಬಿಟ್ಟ. “ಗೊತ್ತಿತ್ತು! ಏನೀಗ?”

ಮಗಳ ಮುಖ ಕೆಂಪಾಯಿತು. “ಏನೀಗ ಅಂತೀಯಾ? ಜನ ನಮ್ಮ ಕೈಗೆ ಕತ್ತು ಕೊಟ್ಟು ಕಣ್ಣು ಮುಚ್ತಾರಪ್ಪ! ಕತ್ತು! ನನ್ನ ಮೇಲಿನ ಸಿಟ್ಟಿಗೆ ಅವನ ಮೀಸೆ ತೆಗ್ದೆ. ಸಾಲದ್ದಕ್ಕೆ ಅವನ ಕೈಯಲ್ಲೇ ಸಾರಿ ಹೇಳಿಸ್ಕೊಂಡೆ. ಸ್ಪೀಕರ್ ಇಟ್ಕೋ, ದಿನಾ ಹಾಕ್ಕೋ, ನಂಗೇನೂ ಬೇಜಾರಿಲ್ಲ. ಆದ್ರೆ ಇಂಥ ಅಂಗಡೀಲಿ ನಾನು ಕತ್ತಿ ಹಿಡಿಯಲ್ಲ.” ಅವಳು ತನ್ನ ಕತ್ತರಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಇಳಿಸತೊಡಗಿದಳು.

ವಾಲ್ಯೂಮಣ್ಣ ಚಪ್ಪಲಿ ಮೆಟ್ಟಿ ಹೊರಗೆ ಬಿದ್ದ. ಹುಡುಗನ ಮನೆ ಎರಡು ಬೀದಿಯಾಚೆ. ದಾರಿಯುದ್ದಕ್ಕೂ ಗೊಣಗಿದ, ಹೆಡ್‌ಫೋನ್ ಮಾಡಿದವನಿಗೂ ಬೈದ, ಮಗಳಿಗೂ ಬೈದ, ಆಮೇಲೆ ಬೈಯಲು ಯಾರೂ ಉಳಿಯದೆ ತನಗೇ ಬೈದುಕೊಂಡ.

ಮನೆ ತುಂಬ ನೆಂಟರು. ಒಬ್ಬಳು ಅಂಗಿ ಇಸ್ತ್ರಿ ಮಾಡುತ್ತಿದ್ದಳು, ಮಕ್ಕಳು ಸೂಟ್‌ಕೇಸಿನ ಮೇಲೆ ಕುಣಿಯುತ್ತಿದ್ದರು. ಮದುಮಗ ಬಾಗಿಲಿಗೆ ಬಂದ. ನೆಂಟರೆಲ್ಲ ನೋಡುತ್ತಿರುವಾಗಲೇ ವಾಲ್ಯೂಮಣ್ಣ, ಅವನಿಗೆ ಗೊತ್ತಿದ್ದ ಒಂದೇ ದನಿಯಲ್ಲಿ, ಅಂದರೆ ಬೀದಿಗೆಲ್ಲ ಕೇಳುವ ಹಾಗೆ, ಹೇಳಿದ.

“ನೀನು ಹೂಂ ಅಂದಿರಲಿಲ್ಲಪ್ಪ. ಹಾಡಿಗೆ ತಲೆ ಆಡಿಸ್ತಿದ್ದೆ. ನಂಗದು ಗೊತ್ತಿತ್ತು. ಗೊತ್ತಿದ್ದೇ ತೆಗ್ದೆ. ತಪ್ಪು ನಂದು.”

ಆ ಸಾಧು ಪ್ರಾಣಿಯ ಕಿವಿಗಳು ಕೆಂಪಗಾದವು. “ಗೊತ್ತಿತ್ತಾ? ಗೊತ್ತಿದ್ದೂ... ನಾನು ನಿಮ್ಮ ಹತ್ರ ಸಾರಿ ಕೇಳಿದ್ನಲ್ರೀ! ಎಲ್ಲರ ಮುಂದೆ! ಮಧ್ಯಾಹ್ನದಿಂದ ಹುಡುಗಿಗೆ ಫೋನ್ ಮಾಡಿ, ತಪ್ಪು ನಂದೇ ನಂದೇ ಅಂತ ಅಂಗಲಾಚ್ತಾ ಇದೀನಿ. ಯಾರ್ರೀ ನಿಮಗೆ ಅಧಿಕಾರ ಕೊಟ್ಟೋರು? ಚಿಕ್ಕಂದಿನಿಂದ ಬರ್ತೀನಿ, ಕಣ್ಣು ಮುಚ್ಚಿ ಕೂರ್ತೀನಿ, ಅದಕ್ಕಾ?” ಅವನ ದನಿ ಏರುತ್ತಲೇ ಹೋಯಿತು. ಇಸ್ತ್ರಿಯವಳು ಇಸ್ತ್ರಿ ನಿಲ್ಲಿಸಿದಳು, ಮಕ್ಕಳು ಕುಣಿತ ನಿಲ್ಲಿಸಿದರು. ಅವನು ಬದುಕಿನಲ್ಲಿ ಬೈಯದೆ ಉಳಿಸಿಕೊಂಡಿದ್ದನ್ನೆಲ್ಲ ಅವತ್ತು ಬೈದ. ವಾಲ್ಯೂಮಣ್ಣ ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿಸಿಕೊಂಡ.

ಹಿಂದಿರುಗಿದಾಗ ಮಗಳು ಶಟರ್ ಅರ್ಧ ಎಳೆದು, ಚೀಲ ಹೆಗಲಿಗೇರಿಸಿ ನಿಂತಿದ್ದಳು. ಅವನೇ ಹೇಳಿದ.

“ಬೈದ. ಚೆನ್ನಾಗೇ ಬೈದ.”

“ಆಮೇಲೆ?”

“ಇನ್ನು ನನ್ನ ಕುರ್ಚೀಲಿ ಕೂರಲ್ವಂತೆ, ಸತ್ರೂ ಕೂರಲ್ವಂತೆ. ನಿನ್ನ ಕುರ್ಚಿ ಆದ್ರೆ ಬರ್ತಾನಂತೆ.”

ಮಗಳು ಶಟರ್ ಮೇಲೆತ್ತಿ, ಬಗ್ಗಿ ಒಳಗೆ ಹೋಗಿ, ಚೀಲವನ್ನು ತನ್ನ ಕುರ್ಚಿಯ ಮೇಲಿಟ್ಟಳು.

“ಹಾಗಾದ್ರೆ ನಾನು ಇಲ್ಲೇ ಇರಬೇಕಾಯ್ತು” ಎಂದಳು, ಸಿಟ್ಟಿನಲ್ಲೇ.