ನೀಲಿ ದಾರದ ಕಷಾಯ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತೊಂಬತ್ತರ ದಶಕದ ಕೊನೆ ಎಂಬುದು ಖಚಿತ. ಧನುರ್ಮಾಸ ಎಂಬುದೂ ಖಚಿತ, ಏಕೆಂದರೆ ನಸುಕಿನಲ್ಲಿ ಚಾಮರಾಜಪೇಟೆಯ ಬೀದಿಗೆ ದೇವಸ್ಥಾನದ ಹುಗ್ಗಿಯ ವಾಸನೆ ಹರಡುತ್ತಿದ್ದುದು ನೆನಪಿದೆ. ಆದರೆ ಆ ಪ್ರವಾಸದ ಅರ್ಧ ಭಾಗವನ್ನು ನಾನು ಮೂಗು ಕಟ್ಟಿಕೊಂಡೇ ಕಳೆದೆ. ಹಾಗಾದರೆ ಹುಗ್ಗಿಯ ವಾಸನೆ ಬೇರೆ ಯಾವುದೋ ವರ್ಷದ್ದಿರಬೇಕು. ಓದುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಸಾಕು.

ದಾವಣಗೆರೆಯಿಂದ ಬೆಳಗಿನ ಬಸ್ಸು ಹಿಡಿದೆ. ಟಿಕೆಟ್ಟು ನೂರರ ಒಳಗಿತ್ತು. ಹಿರಿಯೂರಿನಲ್ಲಿ ಇಡ್ಲಿ ತಿಂದೆ, ಸಿರಾ ದಾಟುವವರೆಗೆ ಕಿಟಕಿಯ ಗಾಜು ಮುಚ್ಚಲು ಹೆಣಗಿದೆ. ಹೊರಡುವಾಗ ಮನೆಗೆ ಬೀಗ ಹಾಕಿದ ಮೇಲೆ, ಹೋಗಿಬರುತ್ತೇನೆ ಎಂದು ಹೇಳಲು ಯಾರೂ ಇರಲಿಲ್ಲ. ಕೀಲಿಕೈಯನ್ನು ಒಂದು ಕ್ಷಣ ಕೈಯಲ್ಲೇ ಹಿಡಿದು ನಿಂತಿದ್ದೆ. ಅಪ್ಪ ಇದ್ದಾಗ ಅದನ್ನು ಇಸಿದುಕೊಳ್ಳುತ್ತಿದ್ದವರು ಅವರೇ.

ಹೋಗುತ್ತಿದ್ದುದು ಸೋದರತ್ತೆಯ ಮನೆಗೆ. ಅಪ್ಪನ ತಂಗಿ ಪದ್ಮತ್ತೆ ಮದುವೆಯಾಗದೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಚಾಮರಾಜಪೇಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ನೆಗಡಿ, ಜ್ವರ, ಕೆಮ್ಮು ಎಂದು ಬಂದವರಿಗೆಲ್ಲ ಆಡುಸೋಗೆ ಸೊಪ್ಪಿನ ಕಷಾಯ ಮಾಡಿಕೊಡುತ್ತಿದ್ದರು. ಅದಕ್ಕೂ ಎರಡು ವರ್ಷ ಮೊದಲು ಅಪ್ಪ ತಂಗಿಯನ್ನು ನೋಡಲು ಹೋದಾಗ ಅಲ್ಲೇ ಜ್ವರ ಬಂತು. ಮೂರು ದಿನ ಅತ್ತೆ ಕಷಾಯ ಕುಡಿಸಿದರು. ನಾಲ್ಕನೆಯ ದಿನ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಅಲ್ಲಿಂದ ಮನೆಗೆ ಬರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಕುಳಿತಿದ್ದ ನೆಂಟರೊಬ್ಬರು, "ಸೊಪ್ಪಿನ್ ನೀರ್ ಕುಡಿಸ್ಕೊಂಡ್ ಮೂರ್ ದಿನ ಹಾಳ್ಮಾಡಿದ್ರು" ಎಂದರು. ಅತ್ತೆ ಅಲ್ಲೇ ಸಾರು ಬಡಿಸುತ್ತಿದ್ದರು. ಕೇಳಿಸಿತ್ತು. ಅವರಿಗೂ ಸಾರು ಬಡಿಸಿ ಮುಂದೆ ಹೋದರು.

ನಾನು ಸಸ್ಯಶಾಸ್ತ್ರದ ಉಪನ್ಯಾಸಕಿ. ಆ ದಿನ ಅತ್ತೆಯ ಪರವಾಗಿ ಮಾತಾಡಲಿಲ್ಲ, ಅವರನ್ನು ದೂರಲೂ ಇಲ್ಲ. ಯಾವುದು ಸರಿಯೆಂದು ತಿಳಿದಿರಲಿಲ್ಲ. ತಿಳಿಯಬೇಕಿತ್ತು, ಅದಕ್ಕೇ ಹೊರಟಿದ್ದೆ.

ಅಪ್ಪನ ಸ್ನೇಹಿತರಾದ ಡಾಕ್ಟರ್ ಸುಬ್ಬಣ್ಣ ಬಸವನಗುಡಿಯಲ್ಲೊಂದು ಸಣ್ಣ ಧರ್ಮಾರ್ಥ ಔಷಧಾಲಯ ನೋಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಔಷಧಿಯ ಡಾಕ್ಟರು, ಆದರೂ ನನ್ನ ಕಾಗದಕ್ಕೆ ನಗದೆ ಉತ್ತರಿಸಿದ್ದರು. ಚಳಿಗಾಲದಲ್ಲಿ ವೈರಸ್ ಜ್ವರದವರು ಬಂದೇ ಬರುತ್ತಾರೆ, ಒಪ್ಪಿದವರಲ್ಲಿ ಅರ್ಧ ಜನಕ್ಕೆ ಸೊಪ್ಪಿನ ಕಷಾಯ, ಇನ್ನರ್ಧ ಜನಕ್ಕೆ ಸೊಪ್ಪಿಲ್ಲದ, ನೋಡಲು ಅದರಂತೆಯೇ ಇರುವ ಕಷಾಯ ಕೊಡೋಣ, ಯಾರು ಬೇಗ ಏಳುತ್ತಾರೋ ನೋಡೋಣ ಎಂದಿದ್ದರು.

ಮೆಜೆಸ್ಟಿಕ್ಕಿನಿಂದ ಆಟೋದಲ್ಲಿ ಹೋದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಸೊರಗಿದೀಯಲ್ಲೇ ವಸು" ಎಂದು ಚೀಲ ತೆಗೆದುಕೊಂಡರು. ಅಪ್ಪನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪ ಮಲಗಿದ್ದ ಮಂಚವನ್ನೇ ನನಗೆ ಹಾಸಿಕೊಟ್ಟರು. ಆ ಮನೆಯಲ್ಲಿ ಇದ್ದುದೇ ಒಂದು ಮಂಚ.

ಮರುದಿನ ಸುಬ್ಬಣ್ಣ ಡಾಕ್ಟರು ತಾವೇ ವಠಾರಕ್ಕೆ ಬಂದರು. ಬಾವಿಕಟ್ಟೆಯ ಪಕ್ಕದಲ್ಲಿ ಬೇಲಿಯಂತೆ ಬೆಳೆದಿದ್ದ ಆಡುಸೋಗೆ ಗಿಡವನ್ನು ನಾನು ಪರೀಕ್ಷಿಸಿ, ಹೂವಿದ್ದ ಒಂದು ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟೆ. ಮುಂದೆ ಯಾರಾದರೂ ಯಾವ ಗಿಡ ಎಂದು ಕೇಳಿದರೆ ತೋರಿಸಲು ಸಾಕ್ಷಿ ಬೇಕಲ್ಲ. ಎರಡನೆಯ ಪಾತ್ರೆಯ ವಿಷಯ ಬಂದಾಗ ಅತ್ತೆ ಕಾಫಿ ಲೋಟ ಕೆಳಗಿಟ್ಟರು.

"ಸೊಪ್ಪಿಲ್ದೆ ಕುದಿಸಿ ಕಾಯಿಲೆಯವರ ಕೈಗೆ ಕೊಡೋದಾ? ಅದು ಬಿಸಿನೀರಲ್ವೇ ಡಾಕ್ಟ್ರೇ?"

"ಬಿಸಿನೀರಿಗೂ ನಿಮ್ ಕಷಾಯಕ್ಕೂ ವ್ಯತ್ಯಾಸ ಇದೆ ಅಂತ ತೋರಿಸ್ಬೇಕಾದ್ರೆ ಬಿಸಿನೀರೂ ಬೇಕಲ್ಲಮ್ಮ."

"ಅವರಿಗೆ ಜಾಸ್ತಿ ಆದ್ರೆ?"

"ನಾನಿದೀನಲ್ಲ. ಉಸಿರಾಟ ಸ್ವಲ್ಪ ಕೆಟ್ರೂ ಸೀದಾ ಆಸ್ಪತ್ರೆಗೆ ಕಳಿಸ್ತೀನಿ. ಒಂದು ದಿನವೂ ಕಾಯಲ್ಲ."

ಕೊನೆಯ ಮಾತನ್ನು ಅವರು ಬೇಕೆಂದು ಆಡಿರಲಿಕ್ಕಿಲ್ಲ. ಅತ್ತೆ ನನ್ನ ಕಡೆ ನೋಡಲಿಲ್ಲ. "ಸರಿ, ಓದಿದವರು ನೀವು. ಮಾಡ್ತೀನಿ" ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಗ ಸಮಾಧಾನ ತಂದಿತು.

ಸುಳ್ಳು ಕಷಾಯ ತಯಾರಿಸುವುದು ನಿಜದ್ದಕ್ಕಿಂತ ಕಷ್ಟವಾಯಿತು. ಶುಂಠಿ, ಮೆಣಸು, ಜ್ಯೇಷ್ಠಮಧು ಎರಡಕ್ಕೂ ಒಂದೇ. ಸೊಪ್ಪಿನ ಕಹಿಗೆ ಬದಲಾಗಿ ಮೆಂತ್ಯ ಹಾಕಿದೆವು, ಬಣ್ಣಕ್ಕೆ ಬೆಲ್ಲವನ್ನು ಕರಟಿಸಿದೆವು. ಕಹಿ ಸಾಲದೆ ಮತ್ತೆ ಮೆಂತ್ಯ. ಪಕ್ಕದ ಮನೆಯ ಶಾರದಮ್ಮ ಎರಡನ್ನೂ ರುಚಿ ನೋಡಿ ಮುಖ ಸಿಂಡರಿಸಿದರು.

"ಎರಡೂ ಒಂದೇ ಥರ ದರಿದ್ರವಾಗಿದೆ ಪದ್ಮಕ್ಕ. ನಮ್ಮನೆಯವರಿಗೆ ಇದನ್ನೇ ಕಾಫಿ ಅಂತ ಕೊಟ್ಬಿಡ್ಲಾ?"

"ಕೊಡಿ, ಕೊಡಿ. ನಿಮ್ ಕಾಫಿಗಿಂತ ವಾಸಿ ಅಂತಾರೆ" ಎಂದರು ಅತ್ತೆ. ಆ ಪ್ರವಾಸದಲ್ಲಿ ಅವರು ನಕ್ಕದ್ದು ಆಗ ಒಮ್ಮೆ ಮಾತ್ರ ಎಂದು ನೆನಪು.

ಸೊಪ್ಪಿನ ಕಷಾಯ ತುಂಬಿದ ಹಾಲಿನ ಕ್ಯಾನಿಗೆ ಕೆಂಪು ದಾರ ಕಟ್ಟಿದೆವು, ಸೊಪ್ಪಿಲ್ಲದ್ದಕ್ಕೆ ನೀಲಿ. ಯಾವ ದಾರ ಯಾವುದು ಎಂಬುದು ನನಗೂ ಅತ್ತೆಗೂ ಮಾತ್ರ ಗೊತ್ತು. ಡಾಕ್ಟರಿಗೆ ನಾವು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ತಮಗೆ ಗೊತ್ತಿದ್ದರೆ ರೋಗಿಯ ಗಂಟಲು ನೋಡುವಾಗ ಕಣ್ಣು ಮೋಸ ಮಾಡುತ್ತದೆ ಎಂದರು.

ಅತ್ತೆ ದಿನದ ಅಡುಗೆಗೆ ಮಡಿ ಮಾಡುತ್ತಿರಲಿಲ್ಲ. ಕಷಾಯಕ್ಕೆ ಮಾತ್ರ ಮಡಿ. ಅಜ್ಜಿ ಹಾಗೆ ಕಲಿಸಿದ್ದರಂತೆ. ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಸೊಪ್ಪು ಕೊಯ್ಯಬೇಕು, ಕಷಾಯ ಒಲೆಯಿಂದ ಇಳಿಯುವವರೆಗೆ ಸ್ನಾನವಾಗದವರು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಮೊದಲ ಕೆಲವು ಬೆಳಗು ನಾನೂ ಹಂಡೆಯ ನೀರಿನಲ್ಲಿ ಸ್ನಾನ ಮುಗಿಸಿ ಒಳಗೆ ನಿಂತೆ. ಒಂದು ಪಾತ್ರೆಗೆ ಸೊಪ್ಪು ಬಿದ್ದದ್ದನ್ನೂ ಇನ್ನೊಂದಕ್ಕೆ ಬೀಳದ್ದನ್ನೂ ಕಣ್ಣಾರೆ ಕಂಡೆ. ಇಷ್ಟರ ಬಗ್ಗೆ ನನಗೆ ಸಂಶಯವಿಲ್ಲ.

ಎರಡು ಕ್ಯಾನುಗಳನ್ನು ಹಿಡಿದು ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದೇ ಹೋಗುತ್ತಿದ್ದೆ. ಬಸ್ಸಿನಲ್ಲಿ ತುಳುಕುತ್ತದೆ ಎಂಬುದು ನೆಪ. ಎದುರು ಬಂದವರು ಹಾಲಿನವಳೆಂದುಕೊಂಡಿರಬೇಕು. ಔಷಧಾಲಯದ ಬೆಂಚಿನಲ್ಲಿ ಎನ್.ಆರ್. ಕಾಲೋನಿಯ ಗುಮಾಸ್ತರು, ಮಾವಳ್ಳಿಯ ಮೇಸ್ತ್ರಿಗಳು, ಕಲಾಸಿಪಾಳ್ಯದ ತರಕಾರಿ ಮಂಡಿಯವರು ಕೆಮ್ಮುತ್ತಾ ಕೂತಿರುತ್ತಿದ್ದರು. ಡಾಕ್ಟರು ಎಲ್ಲರಿಗೂ ಮೊದಲೇ ವಿಷಯ ಬಿಡಿಸಿ ಹೇಳಿದ್ದರು, ಬಂದ ಸರದಿಯಂತೆ ಒಬ್ಬರ ಚೀಟಿಗೆ ಕೆಂಪು, ಮುಂದಿನವರದಕ್ಕೆ ನೀಲಿ ಎಂದು ಬರೆದಿದ್ದರು. ಒಬ್ಬ ಗುಮಾಸ್ತರು ಲೋಟ ಹಿಡಿದು ನನ್ನನ್ನೇ ಕೇಳಿದರು: "ಮೇಡಂ, ನನಗೆ ಡ್ಯೂಪ್ಲಿಕೇಟ್ ಕೊಟ್ಬಿಟ್ಟಿಲ್ಲ ತಾನೆ? ಆಫೀಸಲ್ಲಿ ಲೀವ್ ಬೇರೆ ಇಲ್ಲ."

"ಅದು ಹೇಳೋ ಹಾಗಿಲ್ಲ ಸಾರ್."

"ಹೇಳೋ ಹಾಗಿಲ್ಲ ಅಂದ್ಮೇಲೆ ಡ್ಯೂಪ್ಲಿಕೇಟೇ ಬಿಡಿ" ಎಂದು ಒಂದೇ ಗುಟುಕಿಗೆ ಕುಡಿದರು.

ಮಧ್ಯಾಹ್ನಗಳು ಉದ್ದವಾಗಿದ್ದವು. ಗಾಂಧಿ ಬಜಾರಿನಲ್ಲಿ ಸೊಗಡಿನ ಅವರೆಕಾಯಿಯ ರಾಶಿ ಬಿದ್ದಿತ್ತು, ನಾಲ್ಕು ಜನಕ್ಕಾಗುವಷ್ಟು ಕೊಳ್ಳುವವರೇ ಎಲ್ಲರೂ. ಹೋಟೆಲಿನಲ್ಲಿ ಎದುರಿನ ಕುರ್ಚಿಗೆ ಅಪರಿಚಿತರು ಬಂದು ಕೂತು, ತಮ್ಮತಮ್ಮಲ್ಲೇ ಮಾತಾಡಿಕೊಂಡು ಎದ್ದುಹೋಗುತ್ತಿದ್ದರು. ಒಂದು ಸಂಜೆ ಎಸ್‌ಟಿಡಿ ಬೂತಿನ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ನಮ್ಮ ಮನೆಯದೇ ನಂಬರು. ಬೀಗ ಹಾಕಿದ ಮನೆಯಲ್ಲಿ ಅದು ರಿಂಗಾಗುವುದನ್ನು ಸ್ವಲ್ಪ ಹೊತ್ತು ಕೇಳಿ ಇಟ್ಟುಬಿಟ್ಟೆ. ಯಾರೂ ಎತ್ತದ ಕರೆಗೆ ದುಡ್ಡು ಬೇಡ ಎಂದ ಬೂತಿನವನು.

ಸಂಜೆ ಮನೆಗೆ ಬಂದರೆ ಅತ್ತೆ ಕೇಳುತ್ತಿದ್ದುದು ಒಂದೇ: "ಇವತ್ತು ಯಾರ್ಯಾರು ಬಂದಿದ್ರು?" ಯಾರಿಗೆಂದು ಗೊತ್ತಿಲ್ಲದೆ ಅವರಿಗೆ ಕಷಾಯ ಕುದಿಸಲು ಬರುತ್ತಿರಲಿಲ್ಲ. ಒಲೆಯ ಮುಂದೆ ಕುಡಿಯುವವರ ಹೆಸರು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಅಜ್ಜಿಯ ಕಾಲದಿಂದ ಬಂದ ರೂಢಿ. ಹೆಸರು ಹೇಳಿದರೆ ಪರೀಕ್ಷೆಗೆ ಏನು ಬಾಧಕ ಎಂದುಕೊಂಡು ನಾನು ಎಲ್ಲರ ಹೆಸರನ್ನೂ ಹೇಳುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಹೂ ಮಾರುವ ಮುನಿಯಮ್ಮನ ಬಗ್ಗೆ ಹೇಳಿದ್ದು ಆಗಲೇ. ಗಂಟಲು ಹೋಗಿ, ಹೂ ಕೂಗಿ ಮಾರಲಾಗದೆ, ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಾಳೆ ಎಂದೆ.

"ಅವಳಿಗೆ ಯಾವ ದಾರ?"

"ನೀಲಿ."

ಅತ್ತೆ ಬತ್ತಿ ಹೊಸೆಯುತ್ತಿದ್ದವರು ಹೊಸೆಯುತ್ತಲೇ ಇದ್ದರು. ಹೊಸೆದ ಬತ್ತಿಯನ್ನು ತಟ್ಟೆಗಿಟ್ಟು, "ಮನೇಲಿ ಯಾರಿದಾರಂತೆ ಅವಳಿಗೆ?" ಎಂದರು. ಗೊತ್ತಿಲ್ಲ ಎಂದೆ. ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಮರುದಿನ ನನಗೇ ಜ್ವರ ಬಂತು. ಮೈಕೈ ನೋವು, ಮೂಗು ಪೂರ್ತಿ ಬಂದ್. ಔಷಧಾಲಯದ ಬೆಂಚಿನಿಂದಲೇ ತಂದುಕೊಂಡಿರಬೇಕು. ಸ್ನಾನ ಮಾಡಬಾರದೆಂದು ಅತ್ತೆ ಕಟ್ಟುನಿಟ್ಟು ಮಾಡಿದರು. ಸ್ನಾನವಿಲ್ಲವೆಂದರೆ ಹೊಸಿಲು ದಾಟುವಂತಿಲ್ಲ. ಆ ಬೆಳಗಿನಿಂದ ಮುಂದೆ ಒಲೆಯ ಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ಅಪ್ಪನ ಮಂಚದಲ್ಲಿ ಮಲಗಿ ಬಾಗಿಲಾಚೆ ಬಳೆಯ ಸದ್ದು, ನೀರಿನ ಸದ್ದು ಕೇಳುತ್ತಿದ್ದೆ. ಕುದಿಯುವ ಆಡುಸೋಗೆಗೆ ಚಹಾದಂಥ ಒಂದು ಭಾರವಾದ ವಾಸನೆ ಇದೆ. ಅದು ಒಂದು ಪಾತ್ರೆಯಿಂದ ಬರುತ್ತಿತ್ತೋ ಎರಡರಿಂದಲೋ ಹೇಳಬಲ್ಲ ಮೂಗು ಆಗ ನನ್ನ ಬಳಿ ಇರಲಿಲ್ಲ. ಕ್ಯಾನುಗಳನ್ನು ಬಸವನಗುಡಿಗೆ ತಲುಪಿಸಲು ಶಾರದಮ್ಮನ ಯಜಮಾನರು ಒಪ್ಪಿದ್ದರು.

ಅತ್ತೆ ನನಗೂ ಒಂದು ಲೋಟ ತಂದರು. "ಕುಡಿ. ಬಿಸಿ ಇದ್ದಾಗ್ಲೇ."

ಅದೇ ಮಂಚ, ಬಹುಶಃ ಅದೇ ಲೋಟ. ಕುಡಿದೆ. ರುಚಿ ತಿಳಿಯಲಿಲ್ಲ. ಆ ರಾತ್ರಿ ಅವರು ನೆಲದ ಮೇಲೆ ಮಂಚಕ್ಕೆ ಒತ್ತಿಕೊಂಡು ಹಾಸಿಕೊಂಡರು. ಮತ್ತೆ ಮತ್ತೆ ನನ್ನ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡಿದರು. ನಾನು ನಿದ್ದೆ ಬಂದವಳಂತೆ ಇದ್ದೆ.

ಸಂಕ್ರಾಂತಿಗೆ ಸ್ವಲ್ಪ ಮೊದಲು ಪರೀಕ್ಷೆ ಮುಗಿಯಿತು. ನನಗೂ ಗುಣವಾಗಿತ್ತು. ಡಾಕ್ಟರ ಮುಂದೆ ಕುಳಿತು ಕೆಂಪು ಎಂದರೆ ಸೊಪ್ಪು, ನೀಲಿ ಎಂದರೆ ಬರೀ ಮೆಂತ್ಯ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಎರಡೂ ಕಡೆಯವರು ಹೆಚ್ಚುಕಡಿಮೆ ಒಟ್ಟಿಗೇ ಎದ್ದಿದಾರಮ್ಮ. ಒಬ್ಬರಿಗೂ ಕೆಟ್ಟದ್ದಾಗ್ಲಿಲ್ಲ, ಅದು ಪುಣ್ಯ. ಆದ್ರೆ ಸೊಪ್ಪಿನಿಂದ ಏನೂ ಹೆಚ್ಚಿಗೆ ಆಗ್ಲಿಲ್ಲ ಅಂತಾನೇ ಅಂದ್ಕೋಬೇಕು. ಈ ಜ್ವರ ತಾನಾಗೇ ಹೋಗೋ ಜಾತಿ."

"ಮುನಿಯಮ್ಮ?"

"ಅವಳು ಎಲ್ಲರಿಗಿಂತ ಬೇಗ. ಹೋಗ್ತಾ ನೋಡು, ಅವಳ ಕೂಗು ಇಲ್ಲಿಗೇ ಕೇಳತ್ತೆ."

ನಿಜವಾಗಿ ಕೇಳುತ್ತಿತ್ತು. ಮೊಳ ಸೇವಂತಿಗೆಗೆ ಆಕೆ ಕೂಗುತ್ತಿದ್ದ ಬೆಲೆಯನ್ನು ಕೇಳುತ್ತಾ ಬಜಾರು ದಾಟಿದೆ. ಹಾಗಾದರೆ ಅಪ್ಪನ ಮೂರು ದಿನ ಹಾಳಾದದ್ದು ನಿಜವೇ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. ವಠಾರದೊಳಗೆ ಕಾಲಿಟ್ಟಾಗ ಬಾವಿಕಟ್ಟೆಯ ಗಿಡ ಕಂಡಿತು. ನಾನು ಬಂದ ದಿನ ಬೇಲಿಯಂತೆ ಒತ್ತಾಗಿದ್ದದ್ದು ಈಗ ಬರೀ ಕಡ್ಡಿ, ಆಚೆಯ ಗೋಡೆ ಕಾಣುವಷ್ಟು. ಒಂದು ಪಾತ್ರೆಗೆ ಇಷ್ಟು ಸೊಪ್ಪು ಬೇಕೇ? ವಠಾರದ ಬೇರೆಯವರೂ ಕೀಳುತ್ತಿದ್ದರು, ಅದು ಹೌದು. ಮೊದಲ ದಿನ ಎಷ್ಟು ಒತ್ತಾಗಿತ್ತು ಎಂಬುದೂ ನೆನಪಿನ ಲೆಕ್ಕವೇ, ಅಳತೆಯದಲ್ಲ.

ಡಾಕ್ಟರು ಹೇಳಿದ್ದನ್ನು ಅತ್ತೆಗೆ ಹೇಳಿದೆ. "ಎಲ್ಲರಿಗೂ ವಾಸಿ ಆಯ್ತಲ್ಲ" ಎಂದರು ಅವರು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೂ ಬಂದರು. ಬೇಡವೆಂದರೂ ಬಂದರು. ಕಿಟಕಿಯಿಂದ ಎಳ್ಳುಬೆಲ್ಲದ ಪೊಟ್ಟಣ ಕೊಟ್ಟು, ಶಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೋ ಎಂದು ಕೈಸನ್ನೆ ಮಾಡಿದರು. ಕಂಡಕ್ಟರು ಹಿಂದಿನಿಂದ ಟಿಕೆಟ್ಟು ಕೊಡುತ್ತಾ ಬರುತ್ತಿದ್ದ. ಕೇಳುವುದಿದ್ದರೆ ಆಗಲೇ ಕೇಳಬೇಕಿತ್ತು. ಹೌದು ಎಂದರೆ ಪರೀಕ್ಷೆ ಕೆಟ್ಟಿತು, ಕಷಾಯದ ಬಗ್ಗೆ ನಮಗೆ ಏನೂ ತಿಳಿಯಲಿಲ್ಲವೆಂದಾಯಿತು. ಇಲ್ಲ ಎಂದರೆ ಆ ಮೂರು ದಿನಗಳ ಮಾತನ್ನು ನಾವಿಬ್ಬರೂ ಆಡಲೇಬೇಕಾಗುತ್ತದೆ. ಕಿಟಕಿಯ ಸರಳಿನ ಮೇಲಿದ್ದ ಅವರ ಕೈಮೇಲೆ ಕೈಯಿಟ್ಟೆ.

"ಹಿರಿಯೂರಲ್ಲಿ ಇಳೀಬೇಡ ಕಣೇ, ಗಾಳಿ ಇರತ್ತೆ" ಎಂದರು ಅತ್ತೆ. ಬಸ್ಸು ಹಿಂದಕ್ಕೆ ಸರಿಯತೊಡಗಿತು. ಅವರು ಕೈ ತೆಗೆದು, ಸೆರಗು ಸರಿಮಾಡಿಕೊಂಡು, ಬಸ್ಸಿನ ಮುಂದಿನ ಬೋರ್ಡನ್ನೇ ಓದುತ್ತಿರುವಂತೆ ನಿಂತರು. ಆಮೇಲೆ ಅವರಿಂದ ಬಂದ ಕಾಗದಗಳಲ್ಲಿ ಶಾರದಮ್ಮನ ಸುದ್ದಿ ಇತ್ತು, ಗಿಡ ಮತ್ತೆ ಚಿಗುರಿದ ಸುದ್ದಿ ಇತ್ತು, ನನ್ನ ಕೆಮ್ಮಿನ ವಿಚಾರಣೆ ಇತ್ತು. ಆ ಬೆಳಿಗ್ಗೆ ಕಿಟಕಿಯಿಂದ ಬಗ್ಗಿ, ಎಂಜಿನ್ನಿನ ಸದ್ದಿನಲ್ಲೂ ಕೇಳಿಸುವಷ್ಟು ಗಟ್ಟಿಯಾಗಿ ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ:

"ಅತ್ತೆ, ನೀಲಿ ದಾರದ್ದಕ್ಕೂ ಸೊಪ್ಪು ಹಾಕಿದ್ರಾ?"