ಅಕ್ಕನ ತಾಳಿ ಇದ್ದ ಹಗ್ಗ

"ಬಾಯಿ ಬಿಡ್ಲಾ" ಎಂದು ಕಾಡಿನ ಇರುಳಿಗ ಬುಡಕಟ್ಟಿನ ಹಿರಿಯಜ್ಜಿ ಮಾದಮ್ಮ, ಹದಿನಾರರ ಮೊಮ್ಮಗ ಸಿದ್ದನ ಉಸಿರನ್ನು ಮೂಸಿ ನೋಡಿದರು. ಹೆಂಡವಾಗಲಿ ಗಾಂಜಾ ಆಗಲಿ ನಾರಲಿಲ್ಲ. ಆಮೇಲೆಯೇ ಹಗ್ಗವನ್ನು ಅವನ ಕೈಗಿತ್ತರು. ಅದರ ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಅವನ ಭಾವ, ಸೋಂಪುರದಾಚೆಯ ಬೆಟ್ಟದ ಬಂಡೆಯಿಂದ ಜೇನು ಕೀಳಲು ಇಳಿಯಲಿದ್ದ. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕೆಂಬುದು ಅವರ ಕಟ್ಟಳೆ.

ಅಮಲಿನ ಕೇಡನ್ನು ಬೋಧಿಸಲು ಅವರ ಹಾಡಿಗೆ ಹೋಗಿದ್ದ ನಾನು, ಎಂದೂ ಸೇದಿಲ್ಲವೇ ಎಂದು ಸಿದ್ದನನ್ನು ಕೇಳಿದೆ.

"ದಾರೀಲ್ ಹೋಗೋ ಗಾಡಿಯೋರು ಗಾಂಜಾ ಕೊಡೋಕ್ ಬರ್ತಾರೆ ಸ್ವಾಮಿ. ಅಕ್ಕನ ತಾಳಿ ಈ ಹಗ್ಗದಾಗೈತೆ, ಹೆಂಗ್ ಸೇದ್ಲಿ?"

ಮಹಾಯುದ್ಧ ಮುಗಿದ ವರ್ಷ ಆ ಬೆಟ್ಟದ ಜೇನು ಸರ್ಕಾರದಿಂದ ಹರಾಜಾಗಿ ಹೊರಗಿನ ಗುತ್ತಿಗೆದಾರನ ಪಾಲಾಯಿತು. ತಲೆಮಾರುಗಳಿಂದ ಹತ್ತಿದ ಬಂಡೆಯನ್ನು ಇರುಳಿಗರು ಹತ್ತುವುದೇ ಅಪರಾಧವಾಯಿತು. ಗಾಂಜಾ ಮಾರುವುದಕ್ಕೆ ಮಾತ್ರ ಅದೇ ಸರ್ಕಾರದ ಪರವಾನಗಿ ಉಂಟು. ಅಂಥದೊಂದು ಅಂಗಡಿಯ ಮುಂದೆ, ನೆಲಮಂಗಲದಲ್ಲಿ, ಮೊನ್ನೆ ಸಿದ್ದ ತೂರಾಡುತ್ತ ಎದುರಾದ. ಅಕ್ಕನನ್ನು ನೆನೆಸಿಕೋ ಎಂದೆ.

"ಭಾವ ಈಗ ರಸ್ತೆಗೆ ಜಲ್ಲಿ ಒಡೀತಾನೆ. ನಾನ್ ಯಾರ ಹಗ್ಗ ಹಿಡೀಲಿ ಸ್ವಾಮಿ?" ಎಂದ.

ನನ್ನ ಭಾಷಣಗಳು ಇಂದಿಗೂ ನಡೆದಿವೆ. ಆ ಹಗ್ಗವನ್ನು ಅವನ ಕೈಗೆ ಮರಳಿಸಲಾಗದ ಮಾತು ನನ್ನ ಕಿವಿಗೇ ಹಗುರವಾಗಿ ಕೇಳಿಸುತ್ತದೆ.